ಕಾಲಾಮರ ಪಟ್ಟಿಯ ಹತ್ತನೆಯ ಮಾತು



ಇಂದಿನ ಧಮ್ಮ ಚಿಂತನೆ ನಮ್ಮ ಬಳಗದ ವಿದ್ಯಾರ್ಥಿಗಳಿಗೆ. ಹಾಗೆಂದು ತಂದೆ ತಾಯಂದಿರು ಓದದೆ ಬಿಡಬೇಡಿ, ನಿಮಗೂ ಇದರಲ್ಲಿ ಒಂದು ಮಾತಿದೆ. ದಿನದ ಸಂದೇಶಕ್ಕಿಂತ ಉದ್ದವಾಗಿದೆ. ರಾತ್ರಿ ಊಟವಾದ ಮೇಲೆ ನಿಧಾನವಾಗಿ ಓದಿ.

ಕಳೆದ ಭಾನುವಾರ ವಿಹಾರಕ್ಕೆ ಬಂದಿದ್ದವರಿಗೆ ಅಲ್ಲಿ ನಡೆದದ್ದು ಗೊತ್ತು. ಬಾರದವರಿಗಾಗಿ ಹೇಳುತ್ತೇನೆ. ತ್ರಿಸರಣ ಪಂಚಶೀಲ ಆದ ಮೇಲೆ ನಾನು ಕಾಲಾಮ ಸುತ್ತದ ಪಾಠ ಮಾಡಿದೆ. ಕೋಸಲ ದೇಶದ ಕೇಸಪುತ್ತ ಎಂಬ ಊರಿನ ಕಾಲಾಮರು ಭಗವಾನ್ ಬುದ್ಧರ ಬಳಿ ಬಂದರು. ನಮ್ಮ ಊರಿಗೆ ಬರುವ ಒಬ್ಬೊಬ್ಬ ಗುರುವೂ ತನ್ನ ಮಾತೇ ಸರಿ, ಮಿಕ್ಕವರದು ಸುಳ್ಳು ಅನ್ನುತ್ತಾನೆ, ನಾವು ಯಾರನ್ನು ನಂಬಬೇಕು ಎಂದು ಕೇಳಿದರು. ಯಾವ ಯಾವ ಕಾರಣಕ್ಕೆ ಒಂದು ಮಾತನ್ನು ಒಪ್ಪಿಕೊಂಡುಬಿಡಬಾರದು ಎಂದು ಬುದ್ಧರು ಆಗ ಹೇಳಿದ ಹತ್ತು ಸಂಗತಿಗಳನ್ನೂ ಬೋರ್ಡಿನ ಮೇಲೆ ಬರೆದೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಪಾಠ ಚೆನ್ನಾಗಿ ಆಯಿತು ಅಂದುಕೊಂಡೆ.

ಆಮೇಲೆ ಮಕ್ಕಳ ಸರದಿ. ಹೈಸ್ಕೂಲಿನ ಹುಡುಗನೊಬ್ಬ ಎದ್ದು ಸಿದ್ಧಾರ್ಥ ಮನೆ ಬಿಟ್ಟ ಕಥೆ ಹೇಳತೊಡಗಿದ. ರಥದಲ್ಲಿ ಹೋಗುವಾಗ ಮುದುಕನನ್ನು ಕಂಡ, ರೋಗಿಯನ್ನು ಕಂಡ, ಹೆಣ ಕಂಡ, ಸನ್ಯಾಸಿಯನ್ನು ಕಂಡ, ಎಲ್ಲರೂ ಹೇಳುವ ಹಾಗೆಯೇ. ನಾನು ನಡುವೆ ತಡೆದು, 'ಅದು ಸರಿಯಲ್ಲ ಮಗಾ, ಬಾಬಾಸಾಹೇಬರು ಅದನ್ನು ಒಪ್ಪಿಲ್ಲ' ಅಂದೆ. ಹುಡುಗ ಸುಮ್ಮನೆ ಕೂತುಬಿಟ್ಟ. ಹಿಂದಿನ ಸಾಲಿನಿಂದ ಸೆಕೆಂಡ್ ಪಿಯು ಓದುವ ಹುಡುಗಿಯೊಬ್ಬಳು ಎದ್ದು, 'ಯಾಕೆ ಒಪ್ಪಿಲ್ಲ ಸರ್?' ಅಂದಳು.

ಆ ಹೊತ್ತಿಗೆ ಕಾರಣ ನನಗೆ ಸರಿಯಾಗಿ ನೆನಪಾಗಲಿಲ್ಲ. ಎಂದೋ ಓದಿದ್ದು. ನೆನಪಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. 'ಬಾಬಾಸಾಹೇಬರೇ ಹೇಳಿದ ಮೇಲೆ ಮುಗೀತಲ್ಲಮ್ಮ' ಅಂದೆ.

ಅವಳು ಬೋರ್ಡಿನ ಕಡೆ ಕೈ ತೋರಿಸಿ, 'ಹಾಗಾದ್ರೆ ಹತ್ತನೇದು ಏನು ಸರ್?' ಅಂದಳು.

ಹತ್ತನೆಯದು ಇಷ್ಟು: ಹೇಳುತ್ತಿರುವವರು ನಮ್ಮ ಗುರು ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಬೇಡಿ.

ವಿಹಾರದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು, 'ದೊಡ್ಡೋರ ಹತ್ರ ಹೀಗೆಲ್ಲ ಮಾತಾಡಬಾರದು ಕಣಮ್ಮ' ಎಂದು ಗದರಿಸಿದರು. ಹುಡುಗಿ ತಲೆ ತಗ್ಗಿಸಿ ಕೂತಳು. ನಾನು ಗಡಿಯಾರ ನೋಡಿ ಸಭೆ ಮುಗಿಸಿದೆ. ಆ ಹುಡುಗಿಗೆ ಈ ಗುಂಪಿನಲ್ಲಿಯೇ, ಎಲ್ಲರೂ ಓದುವ ಹಾಗೆ ಹೇಳುತ್ತೇನೆ: ಮಗಳೇ, ನೀನು ಕೇಳಿದ್ದು ಸರಿ. ಉತ್ತರ ಹಾರಿಸಿದ್ದು ನಾನು.

ಅಂದು ಮನೆಗೆ ಬಂದವನೇ 'ಬುದ್ಧ ಮತ್ತು ಆತನ ಧಮ್ಮ' ತೆಗೆದು ಕೂತೆ. ಪುಸ್ತಕದ ಪೀಠಿಕೆಯಲ್ಲೇ ಕಾರಣ ಇದೆ. ಬಾಬಾಸಾಹೇಬರು ಅಲ್ಲಿ ನಾಲ್ಕು ಪ್ರಶ್ನೆ ಎತ್ತುತ್ತಾರೆ. ಮೊದಲನೆಯದೇ ಇದು. ಸಿದ್ಧಾರ್ಥ ಪರಿವ್ರಾಜಕನಾದಾಗ ಅವನಿಗೆ 29 ವರ್ಷ. ಮುಪ್ಪು, ಕಾಯಿಲೆ, ಸಾವು ಎಲ್ಲ ಕಡೆ ದಿನವೂ ನಡೆಯುವ ಸಂಗತಿಗಳು. ಅಷ್ಟು ವರ್ಷ ಬದುಕಿದ ಮನುಷ್ಯನ ಕಣ್ಣಿಗೆ ಒಂದು ಸಾರಿಯೂ ಬೀಳದೆ, ಒಂದು ದಿನ ಇದ್ದಕ್ಕಿದ್ದಂತೆ ಕಂಡಿತು ಎಂದರೆ ಬುದ್ಧಿಗೆ ಒಪ್ಪುತ್ತದೆಯೇ? ಒಪ್ಪುವುದಿಲ್ಲ. ಹಾಗಾದರೆ ನಿಜವಾದ ಕಾರಣ ಏನಿರಬಹುದು ಎಂದು ಹುಡುಕಿ, ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ನಡೆದ ಜಗಳವನ್ನು ಅವರು ಮುಂದಿಡುತ್ತಾರೆ. ಶಾಕ್ಯ ಸಂಘ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ಸಭೆಯಲ್ಲಿ ಎದ್ದು ನಿಂತು ವಿರೋಧಿಸುತ್ತಾನೆ. ಬಹುಮತ ಅವನ ವಿರುದ್ಧ ಹೋಗುತ್ತದೆ. ಆದರೂ ಅವನು ಕತ್ತಿ ಹಿಡಿಯಲು ಒಪ್ಪದೆ ದೇಶ ಬಿಡುವುದನ್ನು ಆರಿಸಿಕೊಳ್ಳುತ್ತಾನೆ.

ಉಳಿದ ಮೂರು ಪ್ರಶ್ನೆಗಳು ಇನ್ನೂ ಕಷ್ಟದವು. ನಾಲ್ಕು ಆರ್ಯಸತ್ಯಗಳು ಬುದ್ಧರ ಮೂಲ ಬೋಧನೆಯೇ ಅಥವಾ ಆಮೇಲೆ ಸೇರಿದ್ದೇ? ಆತ್ಮವೇ ಇಲ್ಲ ಎಂದ ಮೇಲೆ ಕರ್ಮ, ಪುನರ್ಜನ್ಮ ಹೇಗೆ? ಭಿಕ್ಖು ಇರುವುದು ತಾನು ಪರಿಪೂರ್ಣನಾಗಲಿಕ್ಕೋ, ಜನರ ಸೇವೆ ಮಾಡಲಿಕ್ಕೋ? ನಮ್ಮ ಕೈಗೆ ಧಮ್ಮದ ಗ್ರಂಥ ಕೊಡುವಾಗಲೇ ಅದರ ಬಾಗಿಲಲ್ಲಿ ನಾಲ್ಕು ಪ್ರಶ್ನೆ ನಿಲ್ಲಿಸಿ, ಓದುಗರೂ ಇವಕ್ಕೆ ಪರಿಹಾರ ಹುಡುಕಲು ಮುಂದೆ ಬರಲಿ ಎಂಬ ಆಸೆಯಿಂದ ಎತ್ತಿದ್ದೇನೆ ಎನ್ನುತ್ತಾರೆ ಅವರು. ನಾನು ಮಾಡಿದ್ದೇನು? ಅವರ ಕಾರಣವನ್ನು ಮರೆತು ತೀರ್ಮಾನವನ್ನು ಮಾತ್ರ ನೆನಪಿಟ್ಟುಕೊಂಡೆ. ಅದನ್ನೇ ಒಬ್ಬ ಹುಡುಗನ ಬಾಯಿ ಮುಚ್ಚಿಸಲು ಬಳಸಿದೆ.

ಇನ್ನೊಂದು ಮುನ್ನುಡಿಯ ವಿಷಯ ಹೇಳಬೇಕು. ಇದೇ ಪುಸ್ತಕಕ್ಕೆ 1956ರಲ್ಲಿ ಬಾಬಾಸಾಹೇಬರು ಒಂದು ಮುನ್ನುಡಿ ಬರೆದಿದ್ದರು. 1957ರಲ್ಲಿ ಪುಸ್ತಕ ಅಚ್ಚಾದಾಗ ಅದು ಸೇರಿರಲಿಲ್ಲ. ಬುದ್ಧರ ಕಡೆ ತಾವು ತಿರುಗಿದ್ದು ಹೇಗೆ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿಗಳು ಹುಡುಕಿ ಓದಲೇಬೇಕಾದ ಬರಹ, ಏಕೆಂದರೆ ಅದರಲ್ಲಿ ಮಾತಾಡುವ ಭೀಮರಾವ್ ಇನ್ನೂ ಶಾಲೆಯ ಹುಡುಗ.

ತಂದೆ ರಾಮಜಿ ಸಕ್ಪಾಲರು ಕಬೀರ ಪಂಥದವರು, ಶಿಸ್ತಿನ ಮನುಷ್ಯ. ಮಕ್ಕಳಿಗೆ ರಾಮಾಯಣ ಮಹಾಭಾರತ ಓದಿಸುತ್ತಿದ್ದರು. ಹುಡುಗ ಒಂದು ದಿನ ನೇರವಾಗಿ ಕೇಳಿದ: ಇವನ್ನೇಕೆ ನಮ್ಮ ಕೈಲಿ ಓದಿಸುತ್ತೀರಿ? ತಂದೆ ಸಿಟ್ಟಾಗಲಿಲ್ಲ. ಅವರ ಹತ್ತಿರ ಕಾರಣ ಇತ್ತು, ಅದನ್ನು ಹೇಳಿದರು. ನಾವು ಅಸ್ಪೃಶ್ಯರು, ನಾವು ಕೀಳು ಎಂಬ ಭಾವನೆ ನಿಮ್ಮಲ್ಲಿ ಬೆಳೆಯುವ ಸಾಧ್ಯತೆ ಇದೆ. ದ್ರೋಣ, ಕರ್ಣ ಎಂಥ ಸಣ್ಣ ಸ್ಥಿತಿಯಿಂದ ಎಷ್ಟು ಎತ್ತರಕ್ಕೆ ಹೋದರು ನೋಡಿ. ವಾಲ್ಮೀಕಿ ಕೋಳಿ ಜಾತಿಯವನು, ರಾಮಾಯಣ ಬರೆದ. ಆ ಕೀಳರಿಮೆ ಹೋಗಲಿ ಎಂದೇ ಓದಿಸುತ್ತೇನೆ.

ತಂದೆಯ ಮಾತಿನಲ್ಲಿ ಒಂದಿಷ್ಟು ಹುರುಳಿದೆ ಎಂದು ಹುಡುಗನಿಗೂ ಅನ್ನಿಸಿತು. ಆದರೆ ತೃಪ್ತಿಯಾಗಲಿಲ್ಲ. ಮಹಾಭಾರತದ ಯಾವ ಪಾತ್ರವೂ ನನಗೆ ಹಿಡಿಸುವುದಿಲ್ಲ ಎಂದು ಹೇಳಿದ. ಭೀಷ್ಮ, ದ್ರೋಣ, ಕೃಷ್ಣ, ಆಮೇಲೆ ರಾಮ, ಒಬ್ಬೊಬ್ಬರನ್ನೂ ತಾನು ಯಾಕೆ ಮೆಚ್ಚುವುದಿಲ್ಲ ಎಂದು ಅವರ ನಡತೆಯನ್ನೇ ತೋರಿಸಿ ವಿವರಿಸಿದ. ಗಮನಿಸಿ: ಓದುವುದಿಲ್ಲ ಎಂದು ಪುಸ್ತಕ ಎಸೆಯಲಿಲ್ಲ. ಓದಿದ್ದರಿಂದಲೇ ಹೆಸರು ಹಿಡಿದು, ಘಟನೆ ಹಿಡಿದು ವಾದ ಮಾಡಲು ಆಯಿತು. ತಂದೆ ಮೌನವಾಗಿದ್ದರು. ಮಗನೊಳಗೆ ಒಂದು ಬಂಡಾಯ ಇದೆ ಎಂಬುದು ಅವರಿಗೆ ಗೊತ್ತಾಗಿತ್ತು ಎಂದು ಬಾಬಾಸಾಹೇಬರು ಬರೆಯುತ್ತಾರೆ.

ಆ ಹುಡುಗ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ ಸಮುದಾಯದವರು ಸೇರಿ ಒಂದು ಸಭೆ ಮಾಡಿದರು. ಬೇರೆಯವರಿಗೆ ಅದೊಂದು ಸಣ್ಣ ಪರೀಕ್ಷೆ, ನಮ್ಮವರಿಗೆ ದೊಡ್ಡ ಸುದ್ದಿ. ಅಧ್ಯಕ್ಷತೆ ವಹಿಸಿದ್ದ ದಾದಾ ಕೇಳುಸ್ಕರ್ ಎಂಬ ಲೇಖಕರು ತಾವೇ ಮರಾಠಿಯಲ್ಲಿ ಬರೆದ ಬುದ್ಧರ ಜೀವನ ಚರಿತ್ರೆಯನ್ನು ಹುಡುಗನಿಗೆ ಬಹುಮಾನ ಕೊಟ್ಟರು. ಹುಡುಗ ಅದನ್ನು ತುಂಬ ಆಸಕ್ತಿಯಿಂದ ಓದಿದ. ಮುನ್ನುಡಿಯಲ್ಲಿ ನನಗೆ ಅತಿ ಮುಖ್ಯ ಎನಿಸಿದ್ದು ಇದಾದ ಮೇಲೆ ಬರುವ ಮಾತು. ಆ ಚಿಕ್ಕ ವಯಸ್ಸಿನಲ್ಲಿ ತಾನು ಬುದ್ಧರ ಬಳಿ ಹೋದದ್ದು ಖಾಲಿ ತಲೆಯಿಂದ ಅಲ್ಲ, ಹಿಂದಿನ ಓದು ಇತ್ತು, ಹೋಲಿಸಿ ನೋಡಲು ಸಾಧ್ಯವಾಯಿತು ಎನ್ನುತ್ತಾರೆ.

ನಮ್ಮಲ್ಲಿ ಎಷ್ಟು ಮಕ್ಕಳಿಗೆ ಹೋಲಿಸಿ ನೋಡುವ ಅವಕಾಶ ಕೊಟ್ಟಿದ್ದೇವೆ? ಹುಟ್ಟುತ್ತಲೇ ಬೌದ್ಧರಾದ ಮಕ್ಕಳು ಈಗ ನಮ್ಮ ಮನೆಗಳಲ್ಲಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದವರು ತಾವು ಏನು ಬಿಡುತ್ತಿದ್ದೇವೆ ಎಂದು ತಿಳಿದು ಬಿಟ್ಟರು. ಈ ಮಕ್ಕಳಿಗೆ ಅದು ಅಪ್ಪ ಅಮ್ಮ ಹೇಳಿಕೊಟ್ಟ ಪದ್ಧತಿ. ಕಾಲಾಮರ ಪಟ್ಟಿಯಲ್ಲಿ ಅದೂ ಇದೆ, ತಲೆಮಾರಿನಿಂದ ನಡೆದು ಬಂದಿದೆ ಎಂದು ಒಪ್ಪಬೇಡಿ ಎಂಬುದು. ಅವರು ಪ್ರಶ್ನೆ ಕೇಳಿಯೇ ಧಮ್ಮಕ್ಕೆ ಬರಬೇಕು, ಬೇರೆ ದಾರಿ ಇಲ್ಲ.

ಇನ್ನು ವಿದ್ಯಾರ್ಥಿಗಳಿಗೆ. ಕಾಲಾಮ ಸುತ್ತವನ್ನು ಕೆಲವರು ಹೀಗೆ ಅರ್ಥ ಮಾಡಿಕೊಳ್ಳುತ್ತಾರೆ: ಯಾರ ಮಾತೂ ಕೇಳಬೇಡ, ನಿನಗೆ ಸರಿ ಅನ್ನಿಸಿದ್ದು ಮಾಡು. ಅದು ತಪ್ಪು. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬರೀ ತರ್ಕವನ್ನು ನಂಬಬೇಡ ಎಂದಿದೆ. ನೀನು ಮೊದಲೇ ಹಿಡಿದುಕೊಂಡ ಅಭಿಪ್ರಾಯಕ್ಕೆ ಹೊಂದುತ್ತದೆ ಎಂದು ನಂಬಬೇಡ ಎಂದಿದೆ. ಅಂದರೆ ನಮ್ಮ ಸ್ವಂತ ಇಷ್ಟಾನಿಷ್ಟವನ್ನೂ ಬುದ್ಧರು ಅನುಮಾನದಿಂದಲೇ ನೋಡಲು ಹೇಳಿದ್ದಾರೆ. ಆಮೇಲೆ ಕಾಲಾಮರನ್ನೇ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಲೋಭ ಮನುಷ್ಯನಿಗೆ ಒಳಿತು ಮಾಡುತ್ತದೆಯೋ ಕೆಡುಕು ಮಾಡುತ್ತದೆಯೋ? ದ್ವೇಷ? ಮೋಹ? ಉತ್ತರ ಕಾಲಾಮರ ಬಾಯಿಂದಲೇ ಬರುತ್ತದೆ. ಮಾಡಿ ನೋಡಿದಾಗ ಕೆಡುಕಾಗುತ್ತದೆಯೇ, ತಿಳಿದವರು ಅದನ್ನು ಹಳಿಯುತ್ತಾರೆಯೇ, ಇದನ್ನು ನೀವೇ ಕಂಡುಕೊಂಡಾಗ ಬಿಡಿ ಎನ್ನುತ್ತಾರೆ. 'ತಿಳಿದವರು' ಎಂಬ ಮಾತು ಅಲ್ಲಿ ಇದೆ. ಹಿರಿಯರನ್ನು ಕೇಳಬೇಕು, ತೂಗಿ ನೋಡುವ ಕೆಲಸ ಮಾತ್ರ ನಿನ್ನದೇ.

ವಾಟ್ಸಾಪ್‌ನಲ್ಲಿ ಬಂದದ್ದೂ ಕೇಳಿದ ಮಾತೇ. ಬಾಬಾಸಾಹೇಬರ ಫೋಟೊ ಹಾಕಿ, ಕೆಳಗೆ ಅವರು ಎಲ್ಲಿಯೂ ಹೇಳದ ಮಾತು ಬರೆದು ಕಳಿಸುವುದು ಈಗ ಮಾಮೂಲು. ನಮ್ಮ ಗುಂಪಿಗೂ ಬಂದಿವೆ, ನಾನೂ ಒಂದೆರಡು ಸಲ ನೋಡದೆ ಮುಂದಕ್ಕೆ ಕಳಿಸಿದ್ದೇನೆ. ಅವರ ಬರಹಗಳು ಮತ್ತು ಭಾಷಣಗಳ ಸಂಪುಟಗಳು ಕನ್ನಡದಲ್ಲಿಯೂ ಬಂದಿವೆ. ಯಾವ ಬರಹದಲ್ಲಿ, ಯಾವ ಭಾಷಣದಲ್ಲಿ ಎಂದು ಕೇಳಿ. ಹೇಳಲಾಗದಿದ್ದರೆ ಮುಂದಕ್ಕೆ ಕಳಿಸಬೇಡಿ. ಒಂದು ಸಣ್ಣ ಉದಾಹರಣೆ. ನಮ್ಮ ಬ್ಯಾನರ್‌ಗಳಲ್ಲೆಲ್ಲ ಶಿಕ್ಷಣ, ಸಂಘಟನೆ, ಹೋರಾಟ ಎಂದೇ ಬರೆಸುತ್ತೇವೆ. 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಅವರು ಇಂಗ್ಲಿಷ್‌ನಲ್ಲಿ ಹೇಳಿದಾಗ ಶಿಕ್ಷಣದ ನಂತರ ಹೋರಾಟ, ಸಂಘಟನೆ ಕೊನೆಗೆ. ಆ ನಡುವಿನ ಇಂಗ್ಲಿಷ್ ಪದಕ್ಕೆ ಕಲಕುವುದು, ಒಳಗೆ ಕುದಿ ಎಬ್ಬಿಸುವುದು ಎಂಬ ಅರ್ಥವೂ ಇದೆ. ಓದಿದ ಮೇಲೆ ತಲೆ ಕಲಕಬೇಕು, ಆಮೇಲೆ ಜನ ಸೇರಬೇಕು ಎಂದು ನಾನು ಓದಿಕೊಳ್ಳುತ್ತೇನೆ. ನನ್ನ ಓದು ತಪ್ಪಿರಬಹುದು, ನೀವು ಯೋಚಿಸಿ. ಆದರೆ ಕ್ರಮ ಬದಲಾಗಿದೆ ಎಂಬುದು ಮೂಲ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಸ್ವಂತವಾಗಿ ಯೋಚಿಸುವುದಕ್ಕೆ ಹೊತ್ತು ಬೇಕು. ವಿದ್ಯಾರ್ಥಿಗಳು ಹೆಚ್ಚು ಕಳೆದುಕೊಳ್ಳುವುದೂ ಅದನ್ನೇ. ಮಜ್ಝಿಮ ನಿಕಾಯದಲ್ಲಿ ಭದ್ದೇಕರತ್ತ ಸುತ್ತ ಎಂದಿದೆ. ಹೋದದ್ದರ ಬೆನ್ನು ಹತ್ತಬೇಡ, ಬಾರದ್ದಕ್ಕೆ ಹಂಬಲಿಸಬೇಡ, ಈಗ ಎದುರಿಗಿರುವುದನ್ನು ಸರಿಯಾಗಿ ನೋಡು, ಮಾಡಬೇಕಾದ್ದನ್ನು ಇಂದೇ ಮಾಡು ಎಂಬುದು ಅದರ ಸಾರ. ಇವತ್ತಿದ್ದು ನಾಳೆ ಇಲ್ಲ, ಮಜಾ ಮಾಡು ಎಂದು ಕಾಲೇಜಿನಲ್ಲಿ ಹೇಳುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಅವರೂ ಸಾವನ್ನು ನೆನಪಿಸುತ್ತಾರೆ, ಬುದ್ಧರೂ ನೆನಪಿಸುತ್ತಾರೆ. ಬುದ್ಧರು ಅದರಿಂದ ತೆಗೆಯುವ ತೀರ್ಮಾನ ಪ್ರಯತ್ನ. ಕುಸಿನಾರದಲ್ಲಿ ಕೊನೆಯ ಗಳಿಗೆಯಲ್ಲಿಯೂ ಅವರು ಭಿಕ್ಖುಗಳಿಗೆ ಹೇಳಿದ್ದು ಎಚ್ಚರ ತಪ್ಪದೆ ಪ್ರಯತ್ನ ಮಾಡಿ ಎಂದೇ. ಪಾಲಿಯಲ್ಲಿ ಅದಕ್ಕೆ ಅಪ್ಪಮಾದ ಅನ್ನುತ್ತಾರೆ.

ಬಾಬಾಸಾಹೇಬರ ವಿದ್ಯಾರ್ಥಿ ಜೀವನದಲ್ಲಿ ಈ ಅಪ್ಪಮಾದ ಹೇಗಿತ್ತು ನೋಡಿ. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ, 22ನೇ ವಯಸ್ಸಿಗೆ, ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕ್‌ಗೆ ಹೋಗಿ ಇಳಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಅಲ್ಲಿಗೆ ಮುಗಿಯಿತು. ಒಂದು ಡಿಗ್ರಿಗೆ ಬೇಕಾದಷ್ಟು ಓದಿಕೊಂಡು ಊರು ನೋಡಿ ಬರಬಹುದಿತ್ತು. ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತೆಗೆದುಕೊಂಡ ಕೋರ್ಸ್‌ಗಳ ಲೆಕ್ಕ ಹೀಗಿದೆ: ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3, ಜೊತೆಗೆ ಫ್ರೆಂಚ್ ಒಂದು, ಜರ್ಮನ್ ಒಂದು. ಒಟ್ಟು 60. ಈ ದಿನಗಳು ತನಗೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿದ್ದವನ ಲೆಕ್ಕ ಇದು.

ಬರೀ ಕೇಳಿಸಿಕೊಂಡು ಬಂದರೇ? 1916ರ ಮೇ 9ರಂದು ಗೋಲ್ಡನ್‌ವೈಸರ್ ಎಂಬ ಪ್ರಾಧ್ಯಾಪಕರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ವಯಸ್ಸು 25. ಜಾತಿಯ ವಿಷಯದಲ್ಲಿ ಅಂದಿಗೆ ದೊಡ್ಡ ಹೆಸರುಗಳೆಂದರೆ ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್. ನಾಲ್ವರ ವ್ಯಾಖ್ಯೆಯನ್ನೂ ಮುಂದಿಟ್ಟು ಒಂದೊಂದಾಗಿ ಪರೀಕ್ಷಿಸುತ್ತಾರೆ. ಕೇತ್ಕರರು ಜಾತಿಗೆ ಎರಡು ಲಕ್ಷಣ ಹೇಳಿದ್ದರು: ಹೊರಗೆ ಮದುವೆ ಇಲ್ಲ, ಹುಟ್ಟಿದವರಿಗೆ ಮಾತ್ರ ಸದಸ್ಯತ್ವ. ಅವು ಎರಡಲ್ಲ, ಒಂದೇ ನಾಣ್ಯದ ಎರಡು ಮುಖ, ಹೊರಗೆ ಮದುವೆ ನಿಷೇಧಿಸಿದರೆ ಹೊರಗಿನವರು ಹುಟ್ಟಿನಿಂದ ಒಳಗೆ ಬರಲು ದಾರಿಯೇ ಇರುವುದಿಲ್ಲವಲ್ಲ ಎಂದು ತೋರಿಸುತ್ತಾರೆ. ಒಳಮದುವೆಯೇ ಜಾತಿಯ ಮೂಲ ಎಂಬ ತಮ್ಮ ನಿರ್ಣಯವನ್ನು ಹೀಗೆ ಹೆಜ್ಜೆ ಹೆಜ್ಜೆಯಾಗಿ ಕಟ್ಟುತ್ತಾರೆ. ಕೊನೆಯಲ್ಲಿ, ನನ್ನ ಸಿದ್ಧಾಂತವನ್ನು ಯಾರಾದರೂ ಸರಿಯಾದ ಕಾರಣ ಕೊಟ್ಟು ಮುರಿದರೆ ನನಗೆ ಅಷ್ಟೇ ಸಂತೋಷ ಎಂಬರ್ಥದ ಮಾತು ಹೇಳುತ್ತಾರೆ.

ಮೂರು ವರ್ಷ ಮುಗಿಯಿತು. ಇನ್ನೂ ಓದಬೇಕು ಎಂದು ಲಂಡನ್‌ಗೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನ ನಿಂತು, ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ನಾಲ್ಕು ವರ್ಷದೊಳಗೆ ಮರಳಿ ಬಂದು ಮುಗಿಸಲು ಅನುಮತಿ ಇತ್ತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದಲ್ಲಿ ಆ ಹಡಗಿನ ಜೊತೆ ಮುಳುಗಿದವು. ಮುಂಬೈನ ಸಿಡ್ನಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿ ಸಂಬಳದಲ್ಲಿ ಉಳಿಸಿದರು, ಗೆಳೆಯ ನವಲ್ ಭಥೇನಾ ಅವರಿಂದ ಸಾಲ ಪಡೆದರು, ಕೊಲ್ಹಾಪುರದ ಶಾಹು ಮಹಾರಾಜರೂ ನೆರವಾದರು. 1920ರಲ್ಲಿ, ಗಡುವು ಮುಗಿಯುವ ಮೊದಲು, ಮತ್ತೆ ಲಂಡನ್‌ಗೆ ಹೋದರು. ಡಿ.ಎಸ್ಸಿ. ಪದವಿಗೆ ರೂಪಾಯಿಯ ಸಮಸ್ಯೆ ಕುರಿತು ಬರೆದ ಪ್ರಬಂಧದಲ್ಲಿ, ಆಗಲೇ ಹೆಸರಾಗಿದ್ದ ಕೇನ್ಸ್ ಅವರ ವಾದವನ್ನೇ ಎದುರಿಸಿದರು. 1923ರಲ್ಲಿ ಅದು ಪುಸ್ತಕವಾದಾಗ ಅವರ ಗುರು ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದರು. ಅದರಲ್ಲಿ ಗುರುಗಳು ಹೇಳಿದ್ದರ ತಾತ್ಪರ್ಯ ಇಷ್ಟು: ಈತನ ಹೆಚ್ಚಿನ ವಾದಗಳನ್ನು ನಾನು ಒಪ್ಪುವುದಿಲ್ಲ, ಆದರೆ ಕೆಲವು ಕಡೆ ಗುರಿ ಸರಿಯಾಗಿ ತಾಗಿದೆ, ತಪ್ಪು ಎನಿಸಿದ ಕಡೆಯೂ ಯೋಚನೆಯಲ್ಲಿ ಹೊಸತನ ಇದೆ. ಒಪ್ಪದ ಶಿಷ್ಯನ ಪುಸ್ತಕಕ್ಕೆ ಒಪ್ಪುವುದಿಲ್ಲ ಎಂದೇ ಬರೆದು ಮುನ್ನುಡಿ ಕೊಟ್ಟ ಗುರು. ಇದನ್ನು ಮತ್ತೆ ಓದುವಾಗ ಭಾನುವಾರದ ನನ್ನ ಉತ್ತರ ನೆನಪಾಗಿ ನಾಚಿಕೆಯಾಯಿತು.

ನನ್ನ ವಿದ್ಯಾರ್ಥಿ ದಿನಗಳದ್ದೂ ಸ್ವಲ್ಪ ಹೇಳಬೇಕು. ನಾನು ಬಿ.ಎ. ಮಾಡಿದ್ದು ಇತಿಹಾಸದಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಒಬ್ಬ ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು, ನಾವು ಉರು ಹೊಡೆಯುತ್ತಿದ್ದೆವು. ಒಂದು ಸಲ ಪ್ರಶ್ನೆ ಕೇಳಿದ್ದಕ್ಕೆ, 'ನಿಮಗೆಲ್ಲ ಪಾಸಾದ್ರೆ ಸಾಕಲ್ವೇನೋ' ಅಂದರು. 'ನಿಮಗೆಲ್ಲ' ಎಂದರೆ ಯಾರು ಎಂದು ಇಡೀ ಕ್ಲಾಸಿಗೆ ಗೊತ್ತಿತ್ತು. ಆಮೇಲೆ ನಾನು ಕೇಳಲಿಲ್ಲ. ಲೈಬ್ರರಿಗೆ ಹೋಗಿ ಒಂದು ಪೂರ್ತಿ ಪುಸ್ತಕ ಓದಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಪರೀಕ್ಷೆ ಆಗಲಿ, ರಜೆ ಬರಲಿ, ಕೆಲಸ ಸಿಗಲಿ. ಫಸ್ಟ್ ಕ್ಲಾಸ್ ಬಂತು, ಕೆಲಸವೂ ಸಿಕ್ಕಿತು. ಇತಿಹಾಸದ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಹೊತ್ತಿಗೆ ನನಗೆ ಮೂವತ್ತೈದು ದಾಟಿತ್ತು. ಅವರು ಆಡಿದ ಮಾತು ಅವರ ತಪ್ಪು. ಲೈಬ್ರರಿಗೆ ಹೋಗದೇ ಇದ್ದದ್ದು ಮಾತ್ರ ನಾನೇ, ಅದಕ್ಕೆ ಬೇರೆಯವರನ್ನು ಹೊಣೆ ಮಾಡಲಾರೆ.

ಈಗಿನ ಮಕ್ಕಳಿಗೆ ಅಡ್ಡಿ ಬೇರೆ ಥರ. ಪುಸ್ತಕ ಸಿಗುತ್ತದೆ, ಫೋನಿನಲ್ಲಿಯೇ ಸಿಗುತ್ತದೆ. ಆದರೆ ಅದೇ ಫೋನಿನಲ್ಲಿ ರೀಲ್ಸ್ ಕೂಡ ಇದೆ. ಸಂಜೆ ಏಳಕ್ಕೆ ಕೈಗೆ ತೆಗೆದುಕೊಂಡರೆ ಊಟಕ್ಕೆ ಕರೆದಾಗ ಕೆಳಗಿಡುತ್ತಾರೆ. ಬೈದರೆ ಪ್ರಯೋಜನವಿಲ್ಲ, ನಾವೂ ಅದನ್ನೇ ಮಾಡುತ್ತೇವೆ. ಏಪ್ರಿಲ್ ಬಂದರೆ ಜಯಂತಿಗೆ ಡಿಜೆ, ಫ್ಲೆಕ್ಸ್, ಚಂದಾ ಎಂದು ಹುಡುಗರು ವಾರಗಟ್ಟಲೆ ಓಡಾಡುತ್ತಾರೆ. ಪರೀಕ್ಷೆಯೂ ಅದೇ ಹೊತ್ತಿಗೆ ಹತ್ತಿರ ಬಂದಿರುತ್ತದೆ. ಜಯಂತಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ನಮ್ಮ ಜನ ಬೀದಿಗೆ ಬಂದು ತಲೆಯೆತ್ತಿ ನಡೆಯುವ ದಿನ ಅದು. ಆದರೆ ಓದುವ ಹುಡುಗನನ್ನು ಫ್ಲೆಕ್ಸ್ ಕಟ್ಟಲು ಕಳಿಸುವ ದೊಡ್ಡವರು, ಆ ಫ್ಲೆಕ್ಸ್‌ನಲ್ಲಿ ಇರುವವರು 22ನೇ ವಯಸ್ಸಿನಲ್ಲಿ ಏನು ಮಾಡುತ್ತಿದ್ದರು ಎಂದು ಒಂದು ಗಳಿಗೆ ಯೋಚಿಸಲಿ.

ವಿದ್ಯಾರ್ಥಿಗಳಿಗೆ ನಾನು ಕೇಳುವುದು ದೊಡ್ಡದೇನಲ್ಲ. ದಿನಕ್ಕೆ 18 ಗಂಟೆ ಓದಿ ಎಂದು ಹೇಳಿ ಹೆದರಿಸುವುದಿಲ್ಲ. ಪಠ್ಯದ ಆಚೆಗೆ ದಿನಕ್ಕೆ ಎರಡು ಪುಟ ಓದಿ. ಓದಿದ್ದರಲ್ಲಿ ಒಪ್ಪಿಗೆಯಾಗದ ಒಂದು ಸಂಗತಿಯನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಯಾಕೆ ಒಪ್ಪಿಗೆಯಿಲ್ಲ ಎಂಬುದನ್ನೂ ಬರೆಯಿರಿ. ಆ 'ಯಾಕೆ' ಬರೆಯುವಾಗಲೇ ಕಷ್ಟ ಗೊತ್ತಾಗುತ್ತದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ನಮ್ಮದೇ ಅಭಿಪ್ರಾಯ ಪೊಳ್ಳು ಎಂದು ಕಂಡುಬಿಡುವುದೂ ಉಂಟು. ನನಗೆ ಈ ವಾರ ಹಾಗೇ ಆಯಿತು.

ತಂದೆ ತಾಯಂದಿರಿಗೆ ಒಂದು ಮಾತು ಎಂದಿದ್ದೆನಲ್ಲ. ರಾಮಜಿ ಸಕ್ಪಾಲರ ಮೌನವನ್ನು ನೆನಪಿಡಿ. ಮಗ ತಾನು ಪ್ರೀತಿಸುವ ಗ್ರಂಥಗಳನ್ನೇ ಒಪ್ಪುವುದಿಲ್ಲ ಎಂದಾಗ ಅವರಿಗೆ ನೋವಾಗಿರಲಿಲ್ಲವೇ? ಆಗಿರಬೇಕು. ಆದರೂ ಅವರು ಓದು ಬಿಡಿಸಲಿಲ್ಲ. ಪರೇಲ್‌ನ ಒಂದೇ ಕೋಣೆಯ ಮನೆಯಲ್ಲಿ, ನಡುರಾತ್ರಿ ಕಳೆದ ಮೇಲೆ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು ಎಂದು ಜೀವನ ಚರಿತ್ರೆಗಳು ಹೇಳುತ್ತವೆ. ನಿಮ್ಮ ಮಗಳು ಎದುರು ಮಾತಾಡಿದಾಗ ಅದು ಉಡಾಫೆಯೋ ನಿಜವಾದ ಪ್ರಶ್ನೆಯೋ ಎಂದು ನಿಮಗೆ ಗೊತ್ತಾಗುತ್ತದೆ. ಪ್ರಶ್ನೆಯಾಗಿದ್ದರೆ, ಉತ್ತರ ಗೊತ್ತಿಲ್ಲದಿದ್ದರೆ, ಸುಮ್ಮನಿರಿ ಅಥವಾ ಗೊತ್ತಿಲ್ಲ ಅನ್ನಿ. ಅಂದು ಗದರಿಸಿದ ಹಿರಿಯರ ಜೊತೆ ಮರುದಿನ ಮಾತಾಡಿದೆ. 'ನನಗೂ ಕಾರಣ ಗೊತ್ತಿರಲಿಲ್ಲ ಮೇಷ್ಟ್ರೇ, ಅದಕ್ಕೇ ಸಿಟ್ಟು ಬಂತು' ಅಂದರು. ನನಗಿಂತ ಪ್ರಾಮಾಣಿಕರು.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಳಗದ ಸಭೆ ಇದೆ. ಪಾಠ ನಾನು ಮಾಡುವುದಿಲ್ಲ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿ ಪೀಠಿಕೆಯ ಮೊದಲ ಪ್ರಶ್ನೆಯನ್ನು ಓದಿ ವಿವರಿಸಲು ಒಪ್ಪಿದ್ದಾಳೆ. ನಾಲ್ಕು ದೃಶ್ಯಗಳ ಕಥೆ ಹೇಳಿದ ಹುಡುಗ ತನ್ನ ಕಥೆಯನ್ನು ಪೂರ್ತಿ ಹೇಳಿ ಮುಗಿಸುತ್ತಾನೆ, ಯಾರೂ ನಡುವೆ ತಡೆಯುವುದಿಲ್ಲ. ಆಮೇಲೆ ಚರ್ಚೆ. ಅವನು ಒಂದು ಪ್ರಶ್ನೆಯನ್ನೂ ಬರೆದು ಕಳಿಸಿದ್ದಾನೆ: ಬಾಬಾಸಾಹೇಬರು ಹೇಳುವ ರೋಹಿಣಿ ನೀರಿನ ಜಗಳ ಯಾವ ಹಳೆಯ ಗ್ರಂಥದಲ್ಲಿ ಬರುತ್ತದೆ, ಅಲ್ಲಿ ಅದು ಸಿದ್ಧಾರ್ಥ ಮನೆ ಬಿಡುವ ಮೊದಲು ನಡೆಯಿತೋ ಬುದ್ಧರಾದ ಮೇಲೆ ನಡೆಯಿತೋ? ಒಳ್ಳೆಯ ಪ್ರಶ್ನೆ. ಗೊತ್ತಿರುವವರು ಪುಸ್ತಕ ತೆಗೆದುಕೊಂಡು ಬನ್ನಿ. ಪುಸ್ತಕ ಇಲ್ಲದವರಿಗೆ ವಿಹಾರದಲ್ಲಿ ಎರಡು ಪ್ರತಿ ಇವೆ, ಹಂಚಿಕೊಂಡು ಓದೋಣ. ಮಕ್ಕಳು ನೋಟ್‌ಬುಕ್, ಪೆನ್ನು ಮರೆಯಬೇಡಿ.

ಜೈ ಭೀಮ್. ನಮೋ ಬುದ್ಧಾಯ.